ಮಗುವಿನ ಕಣ್ಣಳತೆಯಲ್ಲಿ ಕೂತು ಸಿನಿಮಾ ನೋಡಿ

ಮಕ್ಕಳ ಕಲ್ಯಾಣ ಸಮಿತಿಗೋ ಬಾಲಮಂದಿರದ ಕೆಲಸಕ್ಕೋ ಹೊಸದಾಗಿ ಬಂದವರು ನೊಂದ ಮಕ್ಕಳ ಸಿನಿಮಾ ನೋಡಿ ಅತ್ತುಬಿಡುತ್ತಾರೆ. ಅಳು ಬಂದರೆ ಬರಲಿ. ಆದರೆ ಆ ಹೊತ್ತಿಗೆ ಮಗು ಮನಸ್ಸಿನಲ್ಲೇ ಏನು ಲೆಕ್ಕ ಹಾಕುತ್ತಿದೆ ಎಂಬುದರ ಮೇಲೆ ಕಣ್ಣಿಡಿ. ಈ ಚಿತ್ರಗಳ ನಿಜವಾದ ಕಸುವು ಅಲ್ಲಿದೆ.

ಜಪಾನಿನ ಹಿರೊಕಾಝು ಕೊರೆ-ಎಡ ಅವರ ‘ನೋಬಡಿ ನೋಸ್’ನಿಂದ (2004) ಶುರುಮಾಡಿ. 1988ರಲ್ಲಿ ಟೋಕಿಯೋದಲ್ಲಿ ಬೆಳಕಿಗೆ ಬಂದ ಘಟನೆಯೊಂದು ಇದಕ್ಕೆ ಪ್ರೇರಣೆ. ತಾಯಿ ಬಿಟ್ಟುಹೋದ ಮನೆಯಲ್ಲಿ ಹನ್ನೆರಡು ವರ್ಷದ ಅಕಿರ ಮೂವರು ಒಡಹುಟ್ಟಿದವರನ್ನು ಸಾಕುತ್ತಾನೆ. ಕಥೆಗೆ ಅವಸರವಿಲ್ಲ, ನೀವೂ ಅವಸರಪಡಬೇಡಿ. ನೂಡಲ್ಸ್ ತಿಂದ ಖಾಲಿ ಕಪ್ಪುಗಳಿಗೆ ಮಣ್ಣು ತುಂಬಿ ಮಕ್ಕಳು ಗಿಡ ಬೆಳೆಸುತ್ತಾರೆ. ಹೊಟ್ಟೆಗಿಲ್ಲದಾಗಲೂ ಆ ಗಿಡಗಳಿಗೆ ಆರೈಕೆ ಉಂಟು. ಪೊಲೀಸರಿಗೋ ಕಲ್ಯಾಣ ಇಲಾಖೆಗೋ ಹೇಳಬಾರದೇ ಎಂದು ಅಂಗಡಿಯ ಹುಡುಗಿ ಕೇಳಿದರೆ, ಹಾಗೆ ಮಾಡಿದರೆ ನಾಲ್ವರೂ ಒಟ್ಟಿಗಿರಲಾಗದು ಎನ್ನುತ್ತಾನೆ ಅಕಿರ. ಅಲ್ಲಿ ಚಿತ್ರ ನಿಲ್ಲಿಸಿ, ಒಂದಿಷ್ಟು ಹೊತ್ತು ಸುಮ್ಮನೆ ಕೂರಿ. ನಾವು ರಕ್ಷಣೆ ಎನ್ನುವುದು ಅವನ ಪಾಲಿಗೆ ಅಗಲಿಕೆ. ‘ಮಗು ಸಹಕರಿಸುತ್ತಿಲ್ಲ’ ಎಂದು ವರದಿಯಲ್ಲಿ ಬರೆಯಲು ಪೆನ್ನೆತ್ತಿದಾಗ ಈ ಹುಡುಗ ನೆನಪಾಗಬೇಕು.

ಫ್ರಾನ್ಸ್ವಾ ಟ್ರೂಫೋ ಅವರ ‘ದಿ ಫೋರ್ ಹಂಡ್ರೆಡ್ ಬ್ಲೋಸ್’ನಲ್ಲಿ (1959) ಬಾಲಾಪರಾಧಿಗಳ ಕೇಂದ್ರದ ಮನಶ್ಶಾಸ್ತ್ರಜ್ಞೆ ಆಂತ್ವಾನ್ ಎಂಬ ಹುಡುಗನನ್ನು ಪ್ರಶ್ನಿಸುತ್ತಾಳೆ. ಆಕೆ ಕಾಣುವುದೇ ಇಲ್ಲ, ದನಿಯಷ್ಟೇ ಕೇಳುತ್ತದೆ. ಕ್ಯಾಮೆರಾ ಹುಡುಗನನ್ನು ಬಿಟ್ಟು ಕದಲುವುದಿಲ್ಲ. ಈ ದೃಶ್ಯವನ್ನು ಎರಡನೇ ಸಲ ದನಿ ತಗ್ಗಿಸಿ ನೋಡಿ: ಕೈಗಳು ಸುಮ್ಮನಿರುವುದಿಲ್ಲ, ನೋಟ ಮೇಜಿಗಿಳಿಯುತ್ತದೆ, ನಡುವೆ ಒಂದು ನಗು ಸುಳಿಯುತ್ತದೆ. ತಾನು ಬೇಡದ ಮಗುವಾಗಿದ್ದೆ ಎಂಬುದನ್ನೂ ಅವನು ನಿನ್ನೆಯ ಸುದ್ದಿಯಂತೆ ಹೇಳಿಬಿಡುತ್ತಾನೆ. ನೋವು ಅಳುವಿನ ರೂಪದಲ್ಲೇ ಬರಬೇಕೆಂದು ಕಾಯುವವರು ಇಂಥ ಮಗುವನ್ನು ‘ಮೊಂಡ’ ಎಂದುಬಿಡುತ್ತಾರೆ. ಉತ್ತರಗಳನ್ನು ಬಾಯಿಪಾಠ ಮಾಡಿಸದೆ ಬಾಲನಟ ಜಾನ್-ಪಿಯೇರ್ ಲೆಯೊ ತನ್ನ ಮಾತಿನಲ್ಲೇ ಹೇಳಲು ಬಿಟ್ಟದ್ದು ಟ್ರೂಫೋ ಅವರ ದೊಡ್ಡತನ. ಅವರೂ ಬಾಲ್ಯದಲ್ಲಿ ಅಂಥ ಕೇಂದ್ರದಲ್ಲಿದ್ದವರೇ.

ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ (1988) ಹಲವರು ನೋಡಿರುತ್ತೀರಿ. ಬೀದಿ ಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿದ್ದು ಆ ಚಿತ್ರದಿಂದಲೇ.

ನಮ್ಮಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇದೆ. ವಿಧವೆ ಯಮುನಕ್ಕನಿಗೆ ಊರು ಮಾಡಿದ್ದನ್ನೆಲ್ಲ ವೇದಪಾಠಕ್ಕೆ ಬಂದ ಹುಡುಗ ನಾಣಿ ಕಾಣುತ್ತಾನೆ. ತಡೆಯುವ ಶಕ್ತಿ ಅವನಿಗಿಲ್ಲ. ಕೊನೆಗೆ ಅಪ್ಪ ಬಂದು ಅವನನ್ನು ಕರೆದೊಯ್ಯುತ್ತಾನೆ, ಅವಳು ಅಲ್ಲೇ ಉಳಿಯುತ್ತಾಳೆ. ಪೆಟ್ಟು ತಿಂದ ಮಗುವನ್ನು ಗುರುತಿಸುತ್ತೇವೆ, ಪೆಟ್ಟನ್ನು ಕಂಡ ಮಗುವನ್ನು ಯಾರೂ ಮಾತಾಡಿಸುವುದಿಲ್ಲ. ಇದಾದ ಮೇಲೆ ಅನಂತಮೂರ್ತಿಯವರ ಮೂಲ ಕಥೆಯನ್ನೂ ಓದಿ. ಸಿನಿಮಾ ತೋರುವ ನಾಣಿಯ ಮುಖದ ಹಿಂದಿನ ದಿಗಿಲನ್ನು ಕಥೆ ನಿಮ್ಮ ಕಿವಿಗೇ ಹೇಳುತ್ತದೆ.