ಶಾಂತಲೆಗಾಗಿ ಅತ್ತವರು

ನಾನು ಪಿಯುಸಿ ಓದುತ್ತಿದ್ದಾಗ, 1985ರ ಸುಮಾರಿಗೆ, ನಮ್ಮೂರಿನ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ದಿನಕ್ಕೆ ಇಪ್ಪತ್ತೈದು ಪೈಸೆ ಬಾಡಿಗೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿಯನ್ನು ನಾನು ಓದಿದ್ದು ಅಲ್ಲಿಂದ ತಂದು. ಖಾಕಿ ಕಾಗದದ ರಟ್ಟು, ಬೆನ್ನಿಗೆ ಅಂಟುಪಟ್ಟಿ, ಕೆಲವು ಹಾಳೆಗಳ ಮೇಲೆ ಯಾವ ಮನೆಯದೋ ಎಣ್ಣೆಯ ಕಲೆ. ಕೊನೆಯ ಪುಟಗಳ ಅಂಚಿನಲ್ಲಿ ಓದಿದವರು ತಮಗೆ ತೋಚಿದ್ದನ್ನೆಲ್ಲ ಗೀಚಿಟ್ಟಿದ್ದರು. ಒಬ್ಬರು ದುಂಡು ಅಕ್ಷರದಲ್ಲಿ ‘ಅಯ್ಯೋ ಪಾಪ ಶಾಂತಲೆ’ ಎಂದು ಬರೆದಿದ್ದರೆ, ಅದರ ಕೆಳಗೇ ಇನ್ನೊಬ್ಬರು ಕೆಂಪು ಶಾಯಿಯಲ್ಲಿ ‘ಗಂಡಸರಿಗೆ ಅನುಕೂಲವಾದ ಕಥೆ’ ಎಂದು ಬರೆದಿದ್ದರು. ನನಗೆ ಆಗ ಆ ಕೆಂಪು ಶಾಯಿಯವರ ಮೇಲೆ ವಿಪರೀತ ಕೋಪ ಬಂದಿತ್ತು. ಇಂಥ ತ್ಯಾಗದ ಕಥೆಯನ್ನು ಓದಿಯೂ ಹೀಗೆ ಬರೆಯುವ ಮನಸ್ಸು ಎಷ್ಟು ಒಣಗಿರಬೇಕು ಎಂದುಕೊಂಡಿದ್ದೆ.

ನಿಮ್ಮಲ್ಲಿ ಅನೇಕರು ಈ ಕಾದಂಬರಿಯನ್ನು ಓದಿರುತ್ತೀರಿ. ಓದದವರಿಗೂ ಬೇಲೂರಿಗೆ ಹೋದಾಗ ಗೈಡು ಹೇಳಿದ ಕಥೆಯಾದರೂ ಗೊತ್ತಿರುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ, ನೃತ್ಯದಲ್ಲಿ ನಿಪುಣೆ. ಅವಳಿಗೆ ಲಕ್ಷ್ಮಿ ಎಂಬ ಜೀವದ ಗೆಳತಿ. ಇಬ್ಬರ ಮನಸ್ಸೂ ಒಬ್ಬನೇ ಗಂಡಸಿನ ಮೇಲೆ. ಗೆಳತಿಗಾಗಿ ಒಂದೊಂದನ್ನೇ ಬಿಟ್ಟುಕೊಡುತ್ತಾ ಹೋಗುವ ಶಾಂತಲೆಯ ಕಥೆ ಶಿವಗಂಗೆಯ ಬೆಟ್ಟದ ತುದಿಗೆ ಬಂದು ನಿಲ್ಲುತ್ತದೆ. ಬೆಟ್ಟದ ಮೇಲಿನ ಆ ಜಾಗಕ್ಕೆ ಈಗ ‘ಶಾಂತಲಾ ಡ್ರಾಪ್’ ಎಂದೇ ಹೆಸರು.

ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ, ದೇಹದಾರ್ಢ್ಯಕ್ಕೆ ಹೆಸರಾದ ಮನುಷ್ಯ ಇದನ್ನು ಬರೆದರು ಎಂಬುದು ನನಗೆ ಇಂದಿಗೂ ಸೋಜಿಗ. ಹೆಣ್ಣುಮಕ್ಕಳ ಸ್ನೇಹವನ್ನು ಅಷ್ಟು ಮೃದುವಾಗಿ ಹಿಡಿದವರು ನಮ್ಮ ಐತಿಹಾಸಿಕ ಕಾದಂಬರಿಕಾರರಲ್ಲಿ ಎಷ್ಟು ಜನ? ಯುದ್ಧ, ಒಳಸಂಚು, ಕತ್ತಿಯ ಖಣಖಣ ಇವುಗಳ ನಡುವೆ ರಾಣಿಯರು ಬರೀ ಆರತಿ ತಟ್ಟೆ ಹಿಡಿದು ನಿಲ್ಲುವುದೇ ಹೆಚ್ಚು. ಇಲ್ಲಿ ಹಾಗಿಲ್ಲ. ಇಬ್ಬರು ಹುಡುಗಿಯರ ಒಲವೇ ಕಥೆಯ ಬೆನ್ನೆಲುಬು, ರಾಜ ಆಮೇಲೆ ಬರುತ್ತಾನೆ. ಈ ಮಾತನ್ನು ನಾನು ಇವತ್ತಿಗೂ ಹಿಂತೆಗೆದುಕೊಳ್ಳುವುದಿಲ್ಲ.

ಆದರೆ ಪುಸ್ತಕದ ಬಗ್ಗೆ ನನ್ನ ಮನಸ್ಸು ಎರಡಾದದ್ದು ಎರಡು ಸಂದರ್ಭಗಳಲ್ಲಿ.

ಮೊದಲನೆಯದು ಶಾಲೆಯ ಪ್ರವಾಸದಲ್ಲಿ. ಒಂಬತ್ತನೇ ತರಗತಿಯ ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಗೊಮ್ಮಟನನ್ನು ನೋಡಿ ಸುಸ್ತಾಗಿ ಕೂರುತ್ತಾರೆ, ಎದುರಿನ ಚಿಕ್ಕಬೆಟ್ಟಕ್ಕೆ ಹತ್ತುವವರು ಕಡಿಮೆ. ನಾನು ಹಟ ಹಿಡಿದು ಹತ್ತಿಸಿದೆ. ಅಲ್ಲಿ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿಯೊಂದಿದೆ, ಒಳಗಿರುವುದು ಶಾಂತಿನಾಥ. ಬಸದಿಯ ಹೆಸರು ‘ಸವತಿಗಂಧವಾರಣ’. ಅದು ಶಾಂತಲೆಗಿದ್ದ ಬಿರುದು. ಗಂಧವಾರಣ ಎಂದರೆ ಮದವೇರಿದ ಆನೆ, ಅದರ ವಾಸನೆ ಬಡಿದರೆ ಸಾಕು, ಬೇರೆ ಆನೆಗಳು ದಿಕ್ಕಾಪಾಲಾಗುತ್ತವೆ. ಬಿಂಕದ ಸವತಿಯರ ಪಾಲಿಗೆ ಅಂಥ ಮದ್ದಾನೆ ಈಕೆ ಎಂದು ಅರ್ಥ. ನಾನು ಕನ್ನಡ ಮೇಡಂ ಅಲ್ಲವೇ, ಪದವನ್ನು ಬಿಡಿಸಿ ಸೊಗಸಾಗಿ ವಿವರಿಸಿದೆ. ಬಸ್ಸಿನಲ್ಲಿ ಬರುವಾಗ ಅದೇ ಮಕ್ಕಳಿಗೆ ಅಯ್ಯರ್ ಅವರ ಕಥೆಯನ್ನೂ ಹೇಳಿ ಒಂದಿಬ್ಬರನ್ನು ಅಳಿಸಿದ್ದೆ. ಒಬ್ಬ ಹುಡುಗಿ ಕೇಳಿಯೇಬಿಟ್ಟಳು: “ಮೇಡಂ, ಸವತಿಗೋಸ್ಕರ ಪ್ರಾಣ ಕೊಟ್ಟವಳು ಅಂದ್ರಿ. ಇಲ್ಲಿ ನೋಡಿದ್ರೆ ಸವತಿಯರನ್ನ ಓಡಿಸೋ ಆನೆ ಅಂತೀರಲ್ಲ?”

ನನ್ನ ಹತ್ತಿರ ಉತ್ತರವಿರಲಿಲ್ಲ. “ಅದು ಕಾದಂಬರಿ, ಇದು ಶಾಸನ” ಎಂದು ಜಾರಿಕೊಂಡೆ. ಬಿರುದು ಹೊಗಳಿಕೆಯ ಮಾತೇ ಇರಬಹುದು, ಹೊಗಳುವವರು ಆನೆ ಸಿಂಹಗಳನ್ನು ತಂದೇ ತರುತ್ತಾರೆ. ಆದರೂ ತಾನು ಕಟ್ಟಿಸಿದ ಬಸದಿಗೆ ಆ ಬಿರುದೇ ಹೆಸರಾಗಿ ಉಳಿಯಿತೆಂದರೆ ಆ ಹೆಣ್ಣು ಬಿಟ್ಟುಕೊಡುವ ಪೈಕಿಯವಳಾಗಿ ತೋರುವುದಿಲ್ಲ. ಅಲ್ಲಿನ ಶಾಸನದಿಂದ ತಿಳಿಯುವುದು ಇಷ್ಟೆ: ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು, ವಿದ್ವಾಂಸರ ಲೆಕ್ಕದಲ್ಲಿ ಅದು 1131. ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಅನ್ನ ಬಿಟ್ಟು, ಸಲ್ಲೇಖನದಿಂದ ದೇಹ ಬಿಟ್ಟಳು. ಬೆಟ್ಟದಿಂದ ಧುಮುಕಿದ ಮಾತು ಶಾಸನದಲ್ಲಿಲ್ಲ. ಇಷ್ಟು ವರ್ಷ ಮಗಳಿಗಾಗಿ ಅತ್ತ ನಾವು ಆ ತಾಯಿಯನ್ನು ನೆನೆದೇ ಇರಲಿಲ್ಲವಲ್ಲ ಎಂದು ಅಂದು ಬೆಟ್ಟ ಇಳಿಯುವಾಗ ಅನ್ನಿಸಿತು.

ಎರಡನೆಯ ಸಂದರ್ಭವನ್ನು ಬರೆಯಲು ಸಂಕೋಚವಾಗುತ್ತದೆ. 2003ರಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಶನಿವಾರ ಸಂಜೆ ಒಂದೊಂದು ಮನೆಯಲ್ಲಿ ಪುಸ್ತಕ ಓದುವ ರೂಢಿ ಮಾಡಿಕೊಂಡಿದ್ದೆವು. ಓದುವವಳು ನಾನು, ಕೇಳುತ್ತಾ ಹೂ ಕಟ್ಟುವವರು, ಅವರೆಕಾಳು ಹಿಸುಕುವವರು ಉಳಿದವರು. ‘ಶಾಂತಲಾ’ ಮುಗಿದ ದಿನ ಮನೆಯಿಡೀ ಮೂಗೊರೆಸುವ ಸದ್ದು. ಆಮೇಲೆ ಚರ್ಚೆ ಶುರುವಾಯಿತು. ನಮ್ಮ ಶಾಲೆಯ ಹೊಲಿಗೆ ಮೇಡಂ, “ಹೆಣ್ಣು ಅಂದ್ರೆ ಹೀಗಿರಬೇಕು” ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸೊಸೆಯೊಬ್ಬಳು, “ಸುಮ್ನಿರಿ ಆಂಟಿ, ಇಬ್ಬರನ್ನೂ ಕಟ್ಟಿಕೊಂಡ ರಾಜನಿಗೆ ಏನು ತೊಂದರೆ ಆಯ್ತು? ಅವನೊಬ್ಬ ಬೆಟ್ಟ ಹತ್ತಲಿಲ್ಲ” ಎಂದಳು. ಅವಳ ಅತ್ತೆಗೆ ಸಿಟ್ಟು ಬಂತು. ನಾನು ಟೀಚರ್ ಅಲ್ಲವೇ, ತೀರ್ಪು ಕೊಡದೆ ಇರಲಾಗುತ್ತದೆಯೇ? ತ್ಯಾಗ ಎಂಬುದು ನಮ್ಮ ಹೆಣ್ಣುಮಕ್ಕಳ ಉಸಿರು ಎಂದೇನೋ ಒಂದು ಸಣ್ಣ ಭಾಷಣವನ್ನೇ ಮಾಡಿದೆ.

ಗುಂಪಿನಲ್ಲಿ ಅರವತ್ತರ ಹತ್ತಿರದ ಒಬ್ಬರಿದ್ದರು. ಅವರ ಅಕ್ಕನಿಗೆ ಮಕ್ಕಳಾಗಲಿಲ್ಲವೆಂದು ತಂಗಿಯಾದ ಇವರನ್ನೇ ಭಾವನಿಗೆ ಕೊಟ್ಟಿದ್ದರು. 1955ರ ವಿವಾಹ ಕಾಯಿದೆ ಬಂದು ಎಷ್ಟೋ ವರ್ಷವಾಗಿದ್ದರೂ ಹಳ್ಳಿಯಲ್ಲಿ ಅದನ್ನು ಕೇಳುವವರು ಯಾರು? ಅಕ್ಕ ತಾನೇ ಮುಂದೆ ನಿಂತು ಧಾರೆ ಎರೆಸಿದರಂತೆ. ಬೀದಿಯವರೆಲ್ಲ ಆ ಅಕ್ಕನ ದೊಡ್ಡ ಮನಸ್ಸನ್ನು ಹೊಗಳುತ್ತಿದ್ದರು, ನಾನೂ ಹೊಗಳಿದ್ದೆ. ಅಂದು ಎಲ್ಲರೂ ಹೊರಟ ಮೇಲೆ ಇವರು ಲೋಟ ಎತ್ತಿಡುತ್ತಾ ನಿಂತರು. “ಚೆನ್ನಾಗಿ ಓದ್ತೀರ ಮೇಡಂ. ಎಲ್ಲಾರೂ ಶಾಂತಲೆಗೆ ಅತ್ರು. ಆ ಲಕ್ಷ್ಮಿಗೆ ಯಾರೂ ಅಳಲಿಲ್ಲ” ಎಂದರು. ನಾನು ಏನೋ ಹೇಳಲು ಹೋದೆ. ಅವರು ಮಾತು ಮುಂದುವರಿಸಿದರು: “ನಮ್ಮಕ್ಕ ಕೊಟ್ಟಳು, ಅವರು ತಗೊಂಡ್ರು. ನಂಗೆ ಹದಿನೆಂಟು. ನಿಂಗೆ ಒಪ್ಪಿಗೇನಾ ಅಂತ ಯಾರೂ ಕೇಳಲಿಲ್ಲ. ಮಗು ಆದಮೇಲೂ ಅದು ಅಕ್ಕನನ್ನೇ ಅಮ್ಮ ಅಂತಿತ್ತು.”

ಅವರ ದನಿಯಲ್ಲಿ ದುಃಖವಿರಲಿಲ್ಲ, ರೇಷನ್ ಅಂಗಡಿಯ ವಿಷಯ ಹೇಳಿದ ಹಾಗೆ ಹೇಳಿದರು. ಒಂದು ಗಂಟೆಯ ಹಿಂದೆ ಅವರ ಎದುರಿಗೇ ಭಾಷಣ ಮಾಡಿದ್ದ ನನಗೆ ಆ ರಾತ್ರಿ ಊಟ ಸೇರಲಿಲ್ಲ. ಆಗ ನೆನಪಾದದ್ದು ಆ ಕೆಂಪು ಶಾಯಿ. ಬರೆದವರು ಯಾವ ಮನೆಯವರೋ, ಯಾವ ಕಷ್ಟದಲ್ಲಿದ್ದವರೋ. ಹದಿನೇಳು ವರ್ಷದ ಹುಡುಗಿ ನಾನು ಅವರ ಮನಸ್ಸನ್ನು ಒಣಗಿದ್ದು ಎಂದುಬಿಟ್ಟಿದ್ದೆ.

ಹಾಗೆಂದು ಕಾದಂಬರಿಯನ್ನು ತೆಗೆದು ಬಿಸಾಡಬೇಕೆ? ಬೇಡ. ಪ್ರೇಮಕಥೆಗೆ ಕಣ್ಣೀರು ಬೇಕು, ಕಾದಂಬರಿಕಾರನಿಗೆ ಇತಿಹಾಸದ ಖಾಲಿ ಜಾಗವನ್ನು ತುಂಬುವ ಹಕ್ಕೂ ಇದೆ. ಶಾಸನ ಮೌನವಾಗಿರುವ ಕಡೆ ಅಯ್ಯರ್ ತಮ್ಮ ಕಲ್ಪನೆಯನ್ನು ಹರಿಸಿದರು, ಅದರಲ್ಲಿ ತಪ್ಪಿಲ್ಲ. ನನ್ನ ತಕರಾರು ಬೇರೆ. ಹೆಣ್ಣು ದೊಡ್ಡವಳಾಗಬೇಕಾದರೆ ಅವಳು ಇಲ್ಲವಾಗಬೇಕು ಎಂಬ ಮುಗಿತಾಯವನ್ನು ನಾವು ಓದುಗರು ಅಷ್ಟು ಸುಲಭವಾಗಿ ಒಪ್ಪಿಕೊಂಡೆವಲ್ಲ, ಅದು. ಕಥೆಯನ್ನು ಚರಿತ್ರೆಯೆಂದೇ ನಂಬಿ, ಬೆಟ್ಟಕ್ಕೆ ಹೆಸರಿಟ್ಟು, ಮಕ್ಕಳಿಗೂ ಹೇಳಿಕೊಟ್ಟೆವು. ನಾನಂತೂ ಹೇಳಿಕೊಟ್ಟೆ.

ಇದನ್ನು ಒಪ್ಪದ ಲೇಖಕರೂ ಇದ್ದರು. ಸಿ.ಕೆ. ನಾಗರಾಜರಾವ್ ಶಾಸನಗಳನ್ನೆಲ್ಲ ಜಾಲಾಡಿ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ನಾಲ್ಕು ಭಾಗಗಳಲ್ಲಿ ಬರೆದರು. 1983ರಲ್ಲಿ ಅದಕ್ಕೆ ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಬಂತು. ಆತ್ಮಹತ್ಯೆಯ ಮಾತನ್ನು ಅವರು ಸಾರಾಸಗಟಾಗಿ ತಳ್ಳಿಹಾಕುತ್ತಾರೆ. ಅವರ ಶಾಂತಲೆ ಓದಿದವಳು, ಆಡಳಿತ ಬಲ್ಲವಳು, ಮಕ್ಕಳನ್ನು ಹೆತ್ತವಳು. ನಮ್ಮ ಶನಿವಾರದ ಗುಂಪಿಗೆ ಅದನ್ನು ಓದಿದಾಗ ಅರ್ಧಕ್ಕರ್ಧ ಜನ ಎದ್ದು ಹೋದರು. “ಬರೀ ಮಾತುಕತೆ, ಅಳುವ ಹಾಗೇ ಇಲ್ಲ” ಎಂದರು. ನನಗೂ ಕೆಲವು ಪುಟ ಪಾಠದಂತೆ ಕಂಡದ್ದು ನಿಜ. ವಿಷಯಕ್ಕೆ ನಾಗರಾಜರಾವ್ ಅವರನ್ನು ನಂಬುತ್ತೇನೆ, ಆದರೆ ಜ್ವರ ಬಂದು ಮಲಗಿದಾಗ ಕೈ ಹೋಗುವುದು ಅಯ್ಯರ್ ಅವರ ಪುಸ್ತಕಕ್ಕೇ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ!

ಎದ್ದು ಹೋಗದವರಲ್ಲಿ ಆ ತಂಗಿಯೂ ಒಬ್ಬರು. ಓದುವ ಕೂಟ ನಿಂತ ಮೇಲೆ ನಾಲ್ಕೂ ಭಾಗಗಳನ್ನು ಒಂದೊಂದಾಗಿ ಮನೆಗೆ ಒಯ್ದು ಓದಿದರು. ಅಕ್ಷರ ಕೂಡಿಸಿ ಓದುವ ಅವರಿಗೆ ಒಂದೊಂದು ಭಾಗಕ್ಕೂ ತಿಂಗಳುಗಟ್ಟಲೆ ಬೇಕಾಯಿತು. ಕೊನೆಯ ಭಾಗ ಅವರ ಮನೆಯಲ್ಲಿರುವಾಗಲೇ ಹೃದಯಾಘಾತವಾಗಿ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯೆಲ್ಲ ಮುಗಿದ ಮೇಲೆ ಪುಸ್ತಕವನ್ನು ಹಿಂದಕ್ಕೆ ತಂದುಕೊಟ್ಟವರು ಅಕ್ಕ, ಎಂಬತ್ತರ ಹತ್ತಿರದ ಮುದುಕಿ, ಗೋಡೆ ಹಿಡಿದುಕೊಂಡು ಬಂದಿದ್ದರು.

“ಇದರಲ್ಲಿ ಏನಿದೆ ತಾಯಿ? ರಾತ್ರಿಯೆಲ್ಲ ಲೈಟು ಹಾಕ್ಕೊಂಡು ಓದ್ತಿದ್ಲು” ಎಂದು ಕೇಳಿದರು.

“ಶಾಂತಲೆ ಕಥೆ ಅಮ್ಮ.”

“ಬೆಟ್ಟದಿಂದ ಬಿದ್ದೋದವಳಾ?”

“ಇದರಲ್ಲಿ ಬೀಳೋದಿಲ್ಲ” ಎಂದೆ.

ಅವರು ಸ್ವಲ್ಪ ಹೊತ್ತು ಜಗಲಿಯ ಮೇಲೆ ಕೂತರು. ಕಾಫಿ ಮಾಡಿಕೊಟ್ಟೆ. ಕುಡಿದು, ಹೋಗುವಾಗ ಪುಸ್ತಕವನ್ನು ಮತ್ತೆ ಎತ್ತಿಕೊಂಡರು. “ಮೊಮ್ಮಗಳ ಕೈಲಿ ಓದಿಸ್ತೀನಿ, ಆಮೇಲೆ ಕೊಡ್ತೀನಿ” ಎಂದರು.