ಒಲ್ಲದ ಮನಸ್ಸಿನಿಂದ ಓದಿದ ಪ್ರೇಮಕಥೆಗಳು

ಹೆಣ್ಣುಮಕ್ಕಳು ಕಾದಂಬರಿ ಹಿಡಿದು ಕೂತರೆ ನಗುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅದರಲ್ಲೂ ಪ್ರೇಮದ ಕಾದಂಬರಿಯೆಂದರೆ ಓದುವವಳಿಗೇ ಒಂದಿಷ್ಟು ಸಂಕೋಚ. ಇಂಗ್ಲೀಷಿನಲ್ಲಿ ‘ರೀಜೆನ್ಸಿ’ ಕಾದಂಬರಿಗಳೆಂಬ ಒಂದು ಬಗೆಯಿದೆ. ದೊರೆ ಮೂರನೆಯ ಜಾರ್ಜನಿಗೆ ಬುದ್ಧಿಭ್ರಮಣೆಯಾಗಿ, 1811ರಿಂದ 1820ರವರೆಗೆ ಅವನ ಮಗ ರಾಜಪ್ರತಿನಿಧಿಯಾಗಿ ಇಂಗ್ಲೆಂಡನ್ನು ಆಳಿದ. ಆ ಕಾಲದ ಸಿರಿವಂತರ ಮನೆಗಳು, ಕುಣಿತದ ಕೂಟಗಳು, ಸಾರೋಟುಗಳು, ಮದುವೆಯ ಮಾತುಕತೆಗಳು ಇವುಗಳ ವಸ್ತು. ಆ ಕಾಲದಲ್ಲೇ ಬದುಕಿ ಬರೆದವರು ಜೇನ್ ಆಸ್ಟೆನ್. ನೂರು ವರ್ಷಗಳ ಮೇಲೆ, 1935ರ ‘ರೀಜೆನ್ಸಿ ಬಕ್’ನಿಂದ ಮೊದಲುಗೊಂಡು, ಅದನ್ನೊಂದು ಪ್ರಕಾರವಾಗಿ ಬೆಳೆಸಿದವರು ಜಾರ್ಜೆಟ್ ಹೇಯರ್.

ಇವನ್ನು ನಾನು ಒಲ್ಲದ ಮನಸ್ಸಿನಿಂದಲೇ ಓದಲು ಹಿಡಿದೆ. ನನ್ನ ತಕರಾರುಗಳು ಈಗಲೂ ಹಾಗೇ ಇವೆ. ನಾಯಕನಿಗೆ ವರ್ಷಕ್ಕೆ ಸಾವಿರಾರು ಪೌಂಡು ಉತ್ಪನ್ನ. ಅದು ಯಾರ ಬೆವರಿನಿಂದ ಬಂತೆಂದು ಕೇಳುವವರು ಕಡಿಮೆ. ಊಟ ತಾನಾಗಿ ಮೇಜಿಗೆ ಬರುತ್ತದೆ, ಬಟ್ಟೆ ತಾನಾಗಿ ಒಗೆದುಕೊಳ್ಳುತ್ತದೆ. ನಮ್ಮ ಎರೆಹೊಲದಲ್ಲಿ ಹತ್ತಿ ಬಿಡಿಸುವ ಹೆಣ್ಣಿನಂಥವಳಿಗೆ ಈ ಲೋಕದಲ್ಲಿ ಜಾಗ ಸಿಗುವುದು ಅಪರೂಪ. ಕಥೆಯ ಕೊನೆಯೂ ಮೊದಲೇ ಗೊತ್ತು. ಆದರೂ ಓದಿದೆ, ನಕ್ಕೆ, ಮುಗಿದಾಗ ಮತ್ತೊಂದನ್ನು ಹುಡುಕಿದೆ.

ಹೇಯರ್ ಅವರ ‘ಅರಬೆಲ್ಲಾ’ (1949) ನೋಡಿ. ನಾಯಕಿ ಹಳ್ಳಿಯ ಪಾದ್ರಿಯ ಹಿರಿಯ ಮಗಳು, ಬೆನ್ನಿಗೆ ತಂಗಿಯರ ಸಾಲು. ತಾಯಿ ತನ್ನ ಪೆಟ್ಟಿಗೆಯ ಹಳೆಯ ರೇಷ್ಮೆ ತೆಗೆದು ಅವಳಿಗೆ ಉಡುಪು ಸಿದ್ಧಮಾಡಿ ಲಂಡನ್ನಿಗೆ ಕಳಿಸುತ್ತಾಳೆ. ಇವಳಿಗೊಂದು ಒಳ್ಳೆಯ ಸಂಬಂಧ ಕೂಡಿದರೆ ಉಳಿದವರಿಗೂ ದಾರಿಯಾದೀತೆಂಬ ಆಸೆ. ಸಾರೋಟು ಮುರಿದ ನೆಪ ಮಾಡಿ ತನ್ನ ಬೆನ್ನು ಹತ್ತಿ ಬಂದವಳೆಂದು ಒಬ್ಬ ಸಿರಿವಂತ ಹಗುರವಾಗಿ ಆಡಿದ ಮಾತು ಕಿವಿಗೆ ಬಿದ್ದದ್ದೇ ತಡ, ತಾನೇ ದೊಡ್ಡ ಆಸ್ತಿವಂತೆಯೆಂದು ಅವಳು ಹೇಳಿಬಿಡುತ್ತಾಳೆ. ಮುಂದೆ ವರಗಳ ಸಾಲೇ ಸಾಲು! ನಗು ಬರುತ್ತದೆ. ಆದರೆ ಆಸ್ತಿಯ ಸುದ್ದಿ ಹಬ್ಬಿದೊಡನೆ ಹೆಣ್ಣಿನ ರೂಪ, ಗುಣ ಎಲ್ಲವೂ ಊರಿನ ಕಣ್ಣಿಗೆ ಹೆಚ್ಚಾಗುವ ಪರಿಯನ್ನು ಬಲ್ಲವರಿಗೆ ಆ ನಗುವಿನಲ್ಲಿ ಕಹಿಯೂ ಇದೆ. ಮುಂದೆ ಅವಳು ಹೊಗೆಗೂಡು ಗುಡಿಸುವ ಹುಡುಗನೊಬ್ಬನನ್ನು ಕಾಪಾಡಿ ಅದೇ ಸಿರಿವಂತನಿಗೆ ಒಪ್ಪಿಸುತ್ತಾಳೆ. ಬಡವರ ಬದುಕು ಅವನ ಮನೆಯೊಳಗೆ ಕಾಲಿಡುವುದು ಆಗಲೇ.

ಇನ್ನೊಂದು ಸಂತೋಷ, ಇಲ್ಲಿಯ ಒಳ್ಳೆಯ ನಾಯಕರು ಹೆಂಗಸರ ದಿನದ ಸಂಗತಿಗಳನ್ನು ಗಮನಿಸುತ್ತಾರೆ. ಆಸ್ಟೆನ್ ಅವರ ‘ನಾರ್ಥ್ಯಾಂಗರ್ ಆ್ಯಬಿ’ಯ ನಾಯಕ ತಂಗಿಗಾಗಿ ಗಜಕ್ಕೆ ಐದು ಶಿಲ್ಲಿಂಗಿನಂತೆ ಅಪ್ಪಟ ಇಂಡಿಯಾದ ಮಸ್ಲಿನ್ ಕೊಂಡವನು. ನಾಯಕಿಯ ಉಡುಪು ನೋಡಿ, ಇದು ಒಗೆದರೆ ತಾಳುವುದಿಲ್ಲ ಎನ್ನುತ್ತಾನೆ. ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯ ಎಳೆ ಮುಟ್ಟಿ ನೋಡಿ ಕೊಳ್ಳುವ ನಮಗೆ ಇಂಥ ಗಂಡಸು ಹಿಡಿಸದೆ ಇದ್ದಾನೆಯೇ?

ಇಷ್ಟೇ ಆಗಿದ್ದರೆ ಇವು ಹೊತ್ತು ಕಳೆಯುವ ಪುಸ್ತಕಗಳು. ಒಳಗೆ ಒಂದು ಗಟ್ಟಿ ಪ್ರಶ್ನೆಯಿದೆ: ಆಸ್ತಿ ಯಾರದು? ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ (1813) ಐವರು ಹೆಣ್ಣುಮಕ್ಕಳು, ಗಂಡಿಲ್ಲ. ತಂದೆಯ ನಂತರ ಇರುವ ಮನೆಯೂ ದಾಯಾದಿಯ ಪಾಲು. ಮಗಳಂದಿರ ಮದುವೆಗೆ ಗಡಿಬಿಡಿ ಮಾಡುವ ತಾಯಿಯನ್ನು ಕಂಡು ಎಲ್ಲರೂ ನಗುತ್ತಾರೆ. ಅವಳ ಅಂಜಿಕೆ ಮಾತ್ರ ಸುಳ್ಳಲ್ಲ. ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನರಗುಂದದ ಬಾಬಾಸಾಹೇಬರಿಗೆ ದತ್ತಕಕ್ಕೆ ಕಂಪನಿ ಸರಕಾರ ಒಪ್ಪಿಗೆ ಕೊಡದಿದ್ದದ್ದು 1858ರ ಬಂಡಾಯದ ಕಾರಣಗಳಲ್ಲೊಂದು. ‘ವಾರಸು’ ಎಂಬ ಮಾತಿನ ಭಾರ ಈ ನೆಲಕ್ಕೆ ಗೊತ್ತು.

ಕನ್ನಡದಲ್ಲಿ ಈ ಗಂಟನ್ನು ತ್ರಿವೇಣಿಯವರು ‘ಬೆಳ್ಳಿಮೋಡ’ದಲ್ಲಿ ಹಿಡಿದಿದ್ದಾರೆ. ಪುಟ್ಟಣ್ಣ ಕಣಗಾಲರ 1967ರ ಚಿತ್ರದಿಂದ ಕಥೆ ಬಹಳ ಮಂದಿಗೆ ಗೊತ್ತು. ಇಂದಿರಾ ಸಿರಿವಂತ ತಂದೆಯ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಲಿರುವ ಮೋಹನ ಅವಳ ತಂದೆಯ ಹಣದಿಂದ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ಆಸ್ತಿ ತಮ್ಮನ ಪಾಲಾದದ್ದೇ ಮೋಹನನ ಪ್ರೀತಿಯೂ ಆರುತ್ತದೆ. ಮುಂದೆ ಗಾಯಗೊಂಡು ಬಿದ್ದ ಅವನನ್ನು ಅವಳೇ ಆರೈಕೆ ಮಾಡುತ್ತಾಳೆ. ಅವನು ಮತ್ತೆ ಬೇಡಿ ಬಂದಾಗ ಒಲ್ಲೆ ಎನ್ನುತ್ತಾಳೆ.

ರೀಜೆನ್ಸಿ ಕಥೆಗಾರ್ತಿಯಾಗಿದ್ದರೆ ಮೋಹನನನ್ನು ತಿದ್ದಿ, ಮದುವೆ ಮಾಡಿಸಿ, ಒಂದು ಬಂಗಲೆಯನ್ನೂ ಕೊಟ್ಟುಬಿಡುತ್ತಿದ್ದರು. ಆ ಪ್ರಕಾರದ ಸೊಗಸೂ ಅದೇ, ಸೋಲೂ ಅದೇ. ಹೆಣ್ಣಿಗೆ ಆಸ್ತಿಯಿಲ್ಲ ಎಂಬ ಕೊರತೆಯನ್ನು ಚೆನ್ನಾಗಿ ತೋರಿಸಿ, ಕೊನೆಗೆ ಅದನ್ನು ಗಂಡನ ಆಸ್ತಿಯಿಂದ ಮುಚ್ಚಿಬಿಡುತ್ತದೆ. ತ್ರಿವೇಣಿಯವರು ಮುಚ್ಚಲಿಲ್ಲ. ಅದಕ್ಕೇ ಹೇಯರ್ ಓದಿದರೆ ಮನಸ್ಸು ಹಗುರಾಗುತ್ತದೆ, ‘ಬೆಳ್ಳಿಮೋಡ’ ಮನಸ್ಸಿನಲ್ಲಿ ಕೂರುತ್ತದೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂಬ ಕಾಯದೆ ಕರ್ನಾಟಕದಲ್ಲಿ, ಆಗಲೇ ಮದುವೆಯಾದವರನ್ನು ಬಿಟ್ಟು, 1994ರಲ್ಲಿ ಜಾರಿಗೆ ಬಂತು; 2005ರಲ್ಲಿ ದೇಶಕ್ಕೆಲ್ಲ ಬಂತು. ಆದರೂ ತವರಿನ ಬಾಗಿಲು ಮುಚ್ಚೀತೆಂದು ಅಂಜಿ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ರೋಣದಲ್ಲೂ ಇದ್ದಾರೆ, ಎಲ್ಲ ಊರಲ್ಲೂ ಇದ್ದಾರೆ. ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡು ನಮಗೆ ಅಷ್ಟೇನೂ ದೂರವಲ್ಲ.

ಗೆಳತಿಯರೇ, ಈ ಪುಸ್ತಕಗಳನ್ನು ಸಂಕೋಚವಿಲ್ಲದೆ ಓದಿ. ಸಾರೋಟು, ಕುಣಿತ, ಸರಸದ ಮಾತು ಎಲ್ಲದಕ್ಕೂ ಸಂತೋಷಪಡಿ. ಕೊನೆಯ ಪುಟದ ಆ ಚಂದದ ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು ಮಾತ್ರ ಕೇಳಿಕೊಳ್ಳಿ.