ಜಿಮ್ ಮೆಕ್‌ಗಿನೆಸ್: ಎದುರಾಳಿಯನ್ನು ಓದಿದವರು

ಜಿಮ್ ಮೆಕ್‌ಗಿನೆಸ್ ಹೆಸರೆತ್ತಿದರೆ ಐರ್ಲೆಂಡಿನಲ್ಲಿ ಮಾತು ಇವತ್ತಿಗೂ 2011ರ ಆಗಸ್ಟ್ ತಿಂಗಳ ಒಂದು ಗೇಲಿಕ್ ಫುಟ್‌ಬಾಲ್ ಸೆಮಿಫೈನಲ್‌ಗೆ ಹೋಗಿ ನಿಲ್ಲುತ್ತದೆ. ಕ್ರೋಕ್ ಪಾರ್ಕ್‌ನಲ್ಲಿ ಡಬ್ಲಿನ್ 8 ಪಾಯಿಂಟ್, ಡೊನೆಗಾಲ್ 6. ಎರಡೂ ಕಡೆಯಿಂದ ಒಂದೇ ಒಂದು ಗೋಲಿಲ್ಲ. ಹೆಚ್ಚುಕಡಿಮೆ ಇಡೀ ತಂಡವನ್ನು ಚೆಂಡಿನ ಹಿಂದೆ ಗೋಡೆಯಂತೆ ನಿಲ್ಲಿಸಿದ ಈ ಡೊನೆಗಾಲ್ ಮ್ಯಾನೇಜರ್ ಗೇಲಿಕ್ ಫುಟ್‌ಬಾಲನ್ನು ಕೊಂದರೆಂದು ಒಂದು ಪಂಗಡ ಬೈಯುತ್ತದೆ. ಹೊಸ ಯುಗ ತೆರೆದರೆಂದು ಇನ್ನೊಂದು ಹೊಗಳುತ್ತದೆ. ಎರಡೂ ಪಂಗಡಗಳು ನೋಡಿದ್ದು ಗೋಡೆಯನ್ನು ಮಾತ್ರ.

1992ರಲ್ಲಿ ಡೊನೆಗಾಲ್ ಮೊದಲ ಸಲ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ ಗೆದ್ದಾಗ ತಂಡದ ಬಳಗದಲ್ಲಿದ್ದ ಹುಡುಗ, ಕ್ರೀಡಾ ಮನೋವಿಜ್ಞಾನದ ವಿದ್ಯಾರ್ಥಿ, 2012ರಲ್ಲಿ ಕೌಂಟಿಗೆ ಎರಡನೇ ಕಪ್ ತಂದ ಮ್ಯಾನೇಜರ್: ಈ ಕಥೆ ಎಲ್ಲರಿಗೂ ಗೊತ್ತು. ನನ್ನ ತಕರಾರಿರುವುದು ಅವರನ್ನು ಅಳೆಯುವವರ ಜೊತೆ. 2003ರಲ್ಲಿ ಟೈರೋನ್ ತಂಡದ ಆಟವನ್ನು ಟಿವಿಯಲ್ಲಿ ‘ವಾಂತಿ ಫುಟ್‌ಬಾಲ್’ ಎಂದು ಜರೆದವರು ಪ್ಯಾಟ್ ಸ್ಪಿಲೇನ್. ಡೊನೆಗಾಲ್ ಮೇಲೆ ಬಿದ್ದ ಬೈಗುಳವೂ ಆ ಜಾತಿಯದೇ. ಸ್ಪಿಲೇನ್ ಕೆರಿ ತಂಡದಲ್ಲಿ ಎಂಟು ಅಖಿಲ ಐರ್ಲೆಂಡ್ ಪದಕ ಗೆದ್ದ ಮಹಾ ಆಟಗಾರ. ಅವರ ಕಣ್ಣಿನ ಬಗ್ಗೆ ನನಗೆ ಗೌರವವಿದೆ. ಆದರೆ ಸಮೃದ್ಧಿಯಲ್ಲಿ ಬೆಳೆದ ಕಣ್ಣು ಬಡತನದ ಅಡುಗೆಗೆ ಬೆಲೆ ಕಟ್ಟಲಾರದು. ಈ ಆಟದಲ್ಲಿ ಸಂಬಳವಿಲ್ಲ, ಆಟಗಾರರನ್ನು ಕೊಳ್ಳುವ ಮಾರುಕಟ್ಟೆಯಿಲ್ಲ. ತನ್ನ ಕೌಂಟಿಯ ಹುಡುಗರನ್ನೇ ಕಟ್ಟಿಕೊಂಡು ಆಡಬೇಕು. ಹತ್ತೊಂಬತ್ತು ವರ್ಷ ತನ್ನ ಪ್ರಾಂತ್ಯವಾದ ಅಲ್‌ಸ್ಟರ್‌ನ ಪಟ್ಟವನ್ನೇ ಕಾಣದಿದ್ದ ಕೌಂಟಿಗೆ ಕೆರಿಯ ಸೊಗಸನ್ನು ಅಳತೆಗೋಲಾಗಿ ಹಿಡಿಯುವುದು ಅನ್ಯಾಯ. ಹೊಗಳುವವರೂ ಇಷ್ಟೇ ಅವಸರದವರು: ಗುಂಪಾಗಿ ಹಿಂದೆ ಸರಿದು ಕಾಯುವುದನ್ನು ಮ್ಯಾನೇಜರ್ ಮಿಕಿ ಹಾರ್ಟ್ ಅವರ ಟೈರೋನ್ ಮೊದಲೇ ಮಾಡಿ ತೋರಿಸಿತ್ತು.

ಮೆಕ್‌ಗಿನೆಸ್ ಅವರ ನಿಜವಾದ ಪ್ರತಿಭೆ ಕಾಣುವುದು 2014ರ ಸೆಮಿಫೈನಲ್‌ನಲ್ಲಿ. ಎದುರಿಗೆ ಮತ್ತೆ ಡಬ್ಲಿನ್, ಈ ಸಲ ಹಾಲಿ ಚಾಂಪಿಯನ್. ಮೊದಲರ್ಧದಲ್ಲಿ ಡಬ್ಲಿನ್ ದೂರದಿಂದಲೇ ಪಾಯಿಂಟ್ ಮೇಲೆ ಪಾಯಿಂಟ್ ಹೊಡೆದು ಐದರ ಮುನ್ನಡೆ ಪಡೆಯಿತು. ಗೋಡೆಯೇ ಡೊನೆಗಾಲ್‌ನ ಬಂಡವಾಳವಾಗಿದ್ದರೆ ಆಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಡಬ್ಲಿನ್ ಗೆಲ್ಲುತ್ತಿದ್ದ ರೀತಿಯಲ್ಲೇ ಅದರ ಬಿರುಕೂ ಇತ್ತು. ಎದುರಾಳಿ ಗೋಲ್‌ಕೀಪರ್ ಚೆಂಡನ್ನು ಮತ್ತೆ ಆಟಕ್ಕೆ ಒದೆಯುವ ಕಿಕ್‌ಔಟ್ ಕಸಿಯಲು ಡಬ್ಲಿನ್ ಆಟಗಾರರು ಮೇಲೇರಿ ಬರುತ್ತಿದ್ದರು. ಬೆನ್ನ ಹಿಂದಿನ ಬಯಲಿಗೆ ಕಾವಲಿರಲಿಲ್ಲ. ಡೊನೆಗಾಲ್ ಗೋಲ್‌ಕೀಪರ್ ಪಾಲ್ ಡರ್ಕನ್ ಆ ಸಾಲಿನ ತಲೆಯ ಮೇಲಿಂದ ಚೆಂಡನ್ನು ಉದ್ದಕ್ಕೆ ಒದ್ದರು. ಸಿಡಿದು ಬಿದ್ದ ಚೆಂಡಿಗಾಗಿ ಹಿಂದಿನಿಂದ ಓಡಿಬಂದವರು ಆ ಬಯಲಿಗೆ ನುಗ್ಗಿದರು. ರಯನ್ ಮೆಕ್‌ಹ್ಯೂ ಎರಡು ಗೋಲು, ಕಾಲಮ್ ಮೆಕ್‌ಫ್ಯಾಡನ್ ಒಂದು. ಗೋಲಿಗೆ ಮೂರು ಪಾಯಿಂಟ್ ಲೆಕ್ಕದಲ್ಲಿ ಡೊನೆಗಾಲ್ 23, ಡಬ್ಲಿನ್ 17. ಕಾಯುವುದಷ್ಟೇ ಗೊತ್ತೆಂದು ಹೆಸರಾದ ತಂಡ ಮೂರು ಗೋಲು ಹೊಡೆದದ್ದು ತನ್ನ ಸ್ವಭಾವ ಬದಲಿಸಿಕೊಂಡಲ್ಲ. ಎದುರಾಳಿ ಎಲ್ಲಿ ತನ್ನನ್ನು ಅತಿಯಾಗಿ ನಂಬಿಕೊಂಡಿದ್ದಾನೆ ಎಂದು ಹುಡುಕುವುದೇ ಆ ತಂಡದ ಸ್ವಭಾವ. 2011ರಲ್ಲಿ ಹುಡುಕಿದ್ದರ ಫಲ ಗೋಡೆಯಾಯಿತು, 2014ರಲ್ಲಿ ಓಟವಾಯಿತು.

ಮಿತಿಯೂ ಅಲ್ಲೇ ಇದೆ. ಮೂರು ವಾರದ ನಂತರದ ಫೈನಲ್‌ನಲ್ಲಿ ಕೆರಿ ಮೇಲೇರಿ ಬರಲಿಲ್ಲ. ಡೊನೆಗಾಲ್‌ನಂತೆಯೇ ಹಿಂದೆ ಸರಿದು ನಿಂತಿತು. ಓದಲು ಪುಟವೇ ಇಲ್ಲದಂತಾಯಿತು. ಸೆಮಿಫೈನಲ್ ಗೆಲ್ಲಿಸಿಕೊಟ್ಟ ಅದೇ ಡರ್ಕನ್ ಕಾಲಿನಿಂದ ಒಂದು ಗಿಡ್ಡ ಕಿಕ್‌ಔಟ್ ನೇರ ಕೀರನ್ ಡೊನಹಿ ಕೈಗೆ ಹೋಯಿತು, ಅಲ್ಲಿಂದ ಬಲೆಗೆ. ಸೋಲಿನ ಅಂತರ ಮೂರು ಪಾಯಿಂಟ್, ಒಂದು ಗೋಲಿನಷ್ಟು. ಹಿಂದಿನ ವರ್ಷ ಚಾಂಪಿಯನ್ ಆಗಿ ಆಡುವಾಗ ಮೇಯೊ ಎದುರು ಹದಿನಾರು ಪಾಯಿಂಟ್‌ಗಳಿಂದ ಸೋತದ್ದನ್ನೂ ಇದರ ಪಕ್ಕದಲ್ಲಿಡಬೇಕು. ತಾನೇ ಇತರರ ಓದಿಗೆ ವಸ್ತುವಾದಾಗ ಮೆಕ್‌ಗಿನೆಸ್ ತಂಡ ತಡವರಿಸುತ್ತದೆ.

ಆದರೂ ನನ್ನ ತೀರ್ಪಿಗೆ 2025 ಗಟ್ಟಿ ಸಾಕ್ಷಿ ಒದಗಿಸಿತು. 2014ರಲ್ಲಿ ಸೋತ ಡಬ್ಲಿನ್ ಮ್ಯಾನೇಜರ್ ಜಿಮ್ ಗ್ಯಾವಿನ್ ಆ ಬಯಲನ್ನು ಮುಚ್ಚಿಕೊಂಡರು. ಅವರ ನಂತರವೂ ಗೆಲುವು ಮುಂದುವರಿದು, 2021ರವರೆಗೆ ಡಬ್ಲಿನ್ ಚಾಂಪಿಯನ್‌ಷಿಪ್‌ನಲ್ಲಿ ಸೋಲಲೇ ಇಲ್ಲ. ಮುಂದೆ ಅದೇ ಗ್ಯಾವಿನ್ ಅಧ್ಯಕ್ಷತೆಯ ಸಮಿತಿ ಹೊಸ ನಿಯಮ ತಂದಿತು: ಪ್ರತಿ ತಂಡದ ಮೂವರು ಎದುರಾಳಿಯ ಅರ್ಧದಲ್ಲೇ ಇರಬೇಕು. ಗೋಡೆ ಕಟ್ಟುವ ಹಳೆಯ ದಾರಿಗೆ ಕಾನೂನೇ ಅಡ್ಡ ನಿಂತಿತು. ನಡುವೆ ಡೊನೆಗಾಲ್ ಬಿಟ್ಟು ಹೋಗಿ ಮರಳಿ ಬಂದಿದ್ದ ಮೆಕ್‌ಗಿನೆಸ್ ಆ ನಿಯಮದಡಿಯಲ್ಲೇ ಅಲ್‌ಸ್ಟರ್ ಗೆದ್ದು ಅಖಿಲ ಐರ್ಲೆಂಡ್ ಫೈನಲ್ ಮುಟ್ಟಿದರು. ಆರು ಋತುಗಳಲ್ಲಿ ಅದು ಅವರ ಐದನೇ ಅಲ್‌ಸ್ಟರ್ ಪಟ್ಟ; ಅವರಿಗೆ ಮುಂಚೆ ಡೊನೆಗಾಲ್ ತನ್ನ ಇಡೀ ಇತಿಹಾಸದಲ್ಲಿ ಗೆದ್ದದ್ದೂ ಐದೇ. ಫೈನಲ್‌ನಲ್ಲಿ ಸೋತದ್ದು ಮತ್ತೆ ಕೆರಿಗೆ, ಮತ್ತೆ ತಮ್ಮನ್ನು ಓದಿಕೊಂಡು ಬಂದವರಿಗೆ. ಗೋಡೆಯನ್ನು ಬೈದವರೂ ಪೂಜಿಸಿದವರೂ ಇನ್ನಾದರೂ 2014ರ ಆ ಸೆಮಿಫೈನಲ್ಲನ್ನು ಮತ್ತೊಮ್ಮೆ ಕೂತು ನೋಡಲಿ.